ನೆಲಕ್ಕೂ ಒಂದು ಊರಿತ್ತು

ಹೋದ ವರ್ಷ ಒಂದು ಶನಿವಾರ ಬೆಳಿಗ್ಗೆ ಗೆಳೆಯನೊಬ್ಬ ವಾಟ್ಸಾಪಿನಲ್ಲಿ ನಾಲ್ಕು ಫೋಟೋ ಕಳಿಸಿದ. ಕೆನೆ ಬಣ್ಣದ ಟೈಲು, ಅದರ ಮೇಲೆ ಇಟ್ಟಿಗೆ ಕೆಂಪು ಮತ್ತು ಕಪ್ಪಿನಲ್ಲಿ ಬಳ್ಳಿ, ಒಂದು ಮೂಲೆಯಲ್ಲಿ ಸಣ್ಣದಾಗಿ ಚೆಕ್ಕೆ ಎದ್ದಿದೆ. ಕೆಳಗೆ ಮೆಸೇಜು: "ಮಗಾ, ಫ್ರಾನ್ಸಿಂದ ಬಂದಿರೋ ಹಳೇ ಟೈಲ್ಸ್. 1890ರದ್ದಂತೆ. ಯಾವುದೋ ಶಾಟೋದಲ್ಲಿ ಇದ್ದಿದ್ದಂತೆ. ಹಾಲ್‌ಗೆ ಹಾಕ್ಸೋಣ ಅಂತಿದೀನಿ. ಏನಂತೀಯ?"

ಶಾಟೋ ಅಂದರೆ ಫ್ರೆಂಚಿನಲ್ಲಿ ಕೋಟೆ, ಅರಮನೆ. ರೇಟು ಕೇಳಿದೆ, ಹೇಳಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿಂದುಗಡೆ ಏನಾದರೂ ಬರೆದಿದೆಯಾ ನೋಡು" ಅಂದೆ.

ಸಂಜೆ ಐದನೇ ಫೋಟೋ ಬಂತು. ಗಾರೆ ಮೆತ್ತಿಕೊಂಡಿದ್ದ ಬೆನ್ನಿನ ಮೇಲೆ ಅಚ್ಚೊತ್ತಿದ ಅಕ್ಷರಗಳು: ಸಿಮೋನ್ಸ್ ಕಂಪನಿ, ಲ ಕಾಟೋ. "ನೋಡ್ದಾ? ಶಾಟೋ ಅಂತಲೇ ಇದೆ!" ಅಂತ ಅವನಿಗೆ ಖುಷಿಯೋ ಖುಷಿ. ಇರಲಿಲ್ಲ. ಫ್ರೆಂಚ್ ಸ್ಪೆಲ್ಲಿಂಗಿನಲ್ಲಿ 'ಕಾಟೋ'ಗೂ 'ಶಾಟೋ'ಗೂ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಎರಡಕ್ಕೂ ಮೂಲ ಒಂದೇ, ಕೋಟೆ ಅನ್ನುವ ಅರ್ಥದ ಲ್ಯಾಟಿನ್ ಪದ. ಪ್ಯಾರಿಸಿನವರ ಬಾಯಲ್ಲಿ ಅದು ಶಾಟೋ ಆಯಿತು, ಉತ್ತರದ ಆಡುಭಾಷೆಯಲ್ಲಿ ಕಾಟೋ ಆಗಿ ಉಳಿಯಿತು. ಆದರೆ ಟೈಲ್ಸಿನ ಬೆನ್ನ ಮೇಲಿರುವ ಲ ಕಾಟೋ ಅರಮನೆಯಲ್ಲ. ಅದೊಂದು ಊರು. ಬೆಲ್ಜಿಯಂ ಗಡಿಗೆ ಹತ್ತಿರದ, ಕಾರ್ಖಾನೆಗಳಿದ್ದ ಸಾಧಾರಣ ಊರು. 1559ರಲ್ಲಿ ಫ್ರಾನ್ಸ್ ಮತ್ತು ಸ್ಪೇನ್ ಇಲ್ಲಿ ಒಪ್ಪಂದ ಮಾಡಿಕೊಂಡವು. 1869ರಲ್ಲಿ ಕಲಾವಿದ ಆನ್ರಿ ಮಾತಿಸ್ ಹುಟ್ಟಿದ್ದೂ ಇಲ್ಲೇ. ಅದು ಬಿಟ್ಟರೆ ಬಟ್ಟೆ ಗಿರಣಿ, ಟೈಲ್ಸ್ ಫ್ಯಾಕ್ಟರಿ, ಕೂಲಿ.

ಅಂದರೆ ಗೆಳೆಯನ ಕೈಯಲ್ಲಿದ್ದದ್ದು ಅರಮನೆಯ ನೆಲ ಅನ್ನುವುದಕ್ಕೆ ಯಾವ ಆಧಾರವೂ ಇರಲಿಲ್ಲ. ಯಾವುದೋ ಬೇಕರಿಯದೋ, ಶಾಲೆಯದೋ, ರೈಲ್ವೆ ಗುಮಾಸ್ತನ ಮನೆಯ ಅಡುಗೆಕೋಣೆಯದೋ ಆಗಿರುವ ಸಂಭವವೇ ಜಾಸ್ತಿ. ಅವನಿಗೆ ಬೇಜಾರಾಯಿತು. ನನಗೆ ಮಾತ್ರ ಕತೆ ಅಲ್ಲಿಂದಲೇ ಶುರುವಾಯಿತು.

ಚಿತ್ರದ ನೆಲ ನಿಜವಾಗಿಯೂ ಅರಮನೆ, ಮಠಗಳ ಸ್ವತ್ತಾಗಿದ್ದ ಕಾಲವೊಂದಿತ್ತು. 13ನೇ ಶತಮಾನದ ಫ್ರಾನ್ಸಿನಲ್ಲಿ ಹಸಿ ಜೇಡಿಮಣ್ಣಿನ ಬಿಲ್ಲೆಯ ಮೇಲೆ ಮರದ ಅಚ್ಚು ಒತ್ತಿ, ಆದ ಕುಳಿಯಲ್ಲಿ ಬಿಳಿ ಮಣ್ಣು ತುಂಬಿ, ಮೇಲೆ ಸೀಸದ ಮೆರುಗು ಕೊಟ್ಟು ಸುಡುತ್ತಿದ್ದರು. ನಾರ್ಮಂಡಿಯ ಸೇಂ-ಪಿಯೆರ್-ಸುರ್-ದೀವ್ ಎಂಬ ಊರಿನ ಹಳೆಯ ಮಠದಲ್ಲಿ ಚಕ್ರದ ಆಕಾರದ ಅಂಥ ನೆಲ ಇವತ್ತಿಗೂ ಇದೆ. ಒಂದೊಂದು ಬಿಲ್ಲೆಗೂ ಕೈಕೆಲಸ, ಹಾಗಾಗಿ ಉಳ್ಳವರಿಗೆ ಮಾತ್ರ. ಉಳಿದವರಿಗೆ ಮಣ್ಣಿನ ನೆಲ, ಕಲ್ಲುಚಪ್ಪಡಿ, ಇಲ್ಲವೇ ಪ್ರೊವಾನ್ಸಿನ ಕಡೆ 'ತೊಮೆತ್' ಅನ್ನುವ ಆರು ಮೂಲೆಯ ಕೆಂಪು ಬಿಲ್ಲೆ. ದಕ್ಷಿಣದ ಸಾಲೆರ್ನ್ ಎಂಬ ಊರಿನ ಕಬ್ಬಿಣದಂಶದ ಮಣ್ಣಿನಿಂದ ಮಾಡಿದ ಈ ತೊಮೆತ್‌ಗಳು 19ನೇ ಶತಮಾನದಲ್ಲಿ ಮಾರ್ಸೇಯ ಮನೆಮನೆಯ ನೆಲವಾದವು. ಗಟ್ಟಿಮುಟ್ಟು, ಚೆಂದ, ಆದರೆ ಚಿತ್ರ ಇಲ್ಲ.

ಚಿತ್ರವನ್ನು ಅಗ್ಗ ಮಾಡಿದ್ದು ಯಂತ್ರ. 1830ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ರೈಟ್ ಮಠಗಳ ಹಳೇ ಕೌಶಲಕ್ಕೆ ಹೊಸ ಪೇಟೆಂಟ್ ಪಡೆದ. 1840ರಲ್ಲಿ ರಿಚರ್ಡ್ ಪ್ರಾಸರ್ ಎಂಬಾತ ಒಣ ಜೇಡಿಪುಡಿಯನ್ನು ಅಚ್ಚಿನಲ್ಲಿ ಒತ್ತಿ ಗುಂಡಿ ಮಾಡುವ ಉಪಾಯ ಕಂಡುಹಿಡಿದ. ಗುಂಡಿ ಅಂದರೆ ಅಂಗಿಯ ಗುಂಡಿ! ಹರ್ಬರ್ಟ್ ಮಿಂಟನ್ ಅದೇ ಉಪಾಯವನ್ನು ಟೈಲ್ಸಿಗೆ ಹಚ್ಚಿದ. ಹಸಿ ಮಣ್ಣಾದರೆ ತಿಂಗಳುಗಟ್ಟಲೆ ಒಣಗಬೇಕು, ಒಣಗುವಾಗ ಸೊಟ್ಟಗಾಗುತ್ತದೆ. ಪುಡಿಯಲ್ಲಿ ಆ ರಗಳೆಯೇ ಇಲ್ಲ.

ಫ್ರೆಂಚರು ಈ ವಿದ್ಯೆಯನ್ನು ತಮ್ಮದು ಮಾಡಿಕೊಂಡ ರೀತಿ ನೋಡಿದರೆ ನಮಗೆ ರಂಗೋಲಿಯೇ ನೆನಪಾಗಬೇಕು. ಮೊದಲು ಲೋಹದ ತೆಳು ಪಟ್ಟಿಗಳನ್ನು ಬಗ್ಗಿಸಿ ಚಿತ್ರದ ಗೆರೆಗಳ ಒಂದು ಜಾಲರಿ ಮಾಡುತ್ತಾರೆ. ಅದನ್ನು ಅಚ್ಚಿನೊಳಗೆ ಕೂರಿಸಿ, ಒಂದೊಂದು ಮನೆಗೂ ಒಂದೊಂದು ಬಣ್ಣದ ಜೇಡಿಪುಡಿ ತುಂಬುತ್ತಾರೆ. ಕಬ್ಬಿಣದ ಆಕ್ಸೈಡ್ ಬೆರೆಸಿದರೆ ಕೆಂಪು, ಕೋಬಾಲ್ಟ್ ಬೆರೆಸಿದರೆ ನೀಲಿ, ಮ್ಯಾಂಗನೀಸ್ ಬೆರೆಸಿದರೆ ಕಪ್ಪು. ಜಾಲರಿಯನ್ನು ಮೆಲ್ಲಗೆ ಮೇಲಕ್ಕೆತ್ತಿ, ಹಿಂಬದಿಗೆ ಸಾದಾ ಪುಡಿ ಹಾಕಿ, ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಆಮೇಲೆ ಭಟ್ಟಿಯಲ್ಲಿ 1200 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಶಾಖ. ಮಣ್ಣು ಬೆಂದು ಹೆಚ್ಚುಕಡಿಮೆ ಕಲ್ಲೇ ಆಗಿಬಿಡುತ್ತದೆ, ನೀರನ್ನೂ ಹೀರುವುದಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಈ ಬಣ್ಣ ಮೇಲೆ ಬಳಿದದ್ದಲ್ಲ, ಟೈಲ್ಸಿನ ಒಳಗೆ ಕೆಲವು ಮಿಲಿಮೀಟರ್ ಆಳಕ್ಕೆ ಇಳಿದಿರುತ್ತದೆ. ಹಾಗಾಗಿ ನೂರು ವರ್ಷ ನಡೆದಾಡಿ ಮೇಲ್ಮೈ ಸವೆದರೂ ಹೂವು ಅಳಿಯುವುದಿಲ್ಲ. ಇವತ್ತಿನ ಪ್ರಿಂಟೆಡ್ ಟೈಲ್ಸಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದೇ. ಇನ್ನೊಂದು ಗೊಂದಲವೂ ಪರಿಹಾರವಾಗಲಿ: ಫ್ರಾನ್ಸಿನಲ್ಲಿ ಇದೇ ಕಾಲಕ್ಕೆ ಸಿಮೆಂಟ್ ಟೈಲ್ಸೂ ಬಂದವು, ನಮ್ಮ ಕಡೆ ಸಿಗುವ ಆತಂಗುಡಿ ಟೈಲ್ಸಿನ ಜಾತಿಗೆ ಸೇರಿದವು. ಅವನ್ನು ಸುಡುವುದಿಲ್ಲ, ಒತ್ತಿ ನೀರಿನಲ್ಲಿ ಗಟ್ಟಿಯಾಗಲು ಬಿಡುತ್ತಾರೆ. ಅಂಗಡಿಗಳಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಮಾರುವುದುಂಟು. ಒಂದು ತೊಟ್ಟು ನಿಂಬೆರಸ ಸಾಕು, ಸಿಮೆಂಟಿನದಾದರೆ ಕಲೆ ಬಿಟ್ಟುಕೊಡುತ್ತದೆ, ಸುಟ್ಟದ್ದಾದರೆ ಏನೂ ಆಗುವುದಿಲ್ಲ.

ಹೀಗೆ 19ನೇ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನಾದ್ಯಂತ ಟೈಲ್ಸ್ ಊರುಗಳು ತಲೆಯೆತ್ತಿದವು. ಎಲ್ಲಿ ಜೇಡಿ, ಎಲ್ಲಿ ಕಲ್ಲಿದ್ದಲು, ಎಲ್ಲಿ ಕಾಲುವೆ ಅಥವಾ ರೈಲು ಇದೆಯೋ ಅಲ್ಲೆಲ್ಲ. ಬೋವೆ ಪಟ್ಟಣದ ಹತ್ತಿರದ ಓನೋಯ್‌ನಲ್ಲಿ ಬುಲಾಂಜೆ ಕುಟುಂಬದ ಕಾರ್ಖಾನೆ. ಅವರು ತಮ್ಮ ಕಟ್ಟಡದ ಮುಂಭಾಗಕ್ಕೇ ಟೈಲ್ಸ್ ಹೊದಿಸಿ ಅದನ್ನು ಕ್ಯಾಟಲಾಗ್ ಥರ ಮಾಡಿದ್ದರು. ಬರ್ಗಂಡಿಯ ಪಾರೆ-ಲ-ಮೋನಿಯಾಲ್‌ನಲ್ಲಿ ಪೋಲ್ ಶಾರ್ನೋಜ್ 1877ರಲ್ಲಿ ಕಾರ್ಖಾನೆ ಶುರು ಮಾಡಿದ. ಊರನ್ನು ಹಾದುಹೋಗುವ ಕಾಲುವೆಯೇ ಪಕ್ಕದ ಕಲ್ಲಿದ್ದಲು ಸೀಮೆಗೂ ದಾರಿ. 1889ರಲ್ಲಿ, ಐಫೆಲ್ ಗೋಪುರ ಎದ್ದುನಿಂತ ಅದೇ ಪ್ಯಾರಿಸ್ ಜಾಗತಿಕ ಪ್ರದರ್ಶನಕ್ಕೆ, ಅವನು ಟೈಲ್ಸಿನಲ್ಲೇ ಒಂದು ಬೃಹತ್ ಚಕ್ರಹೂವು ಮಾಡಿ ಕಳಿಸಿದ. ಆ ಊರಿನಲ್ಲಿ ಈಗ ಅವನ ಹೆಸರಿನ ಮ್ಯೂಸಿಯಂ ಇದೆ. ಉತ್ತರದಲ್ಲಿ ಮೋಬೋಜ್, ಲೂವ್ರುವಾಲ್, ಫೆಗ್ನಿ, ಮತ್ತು ನಮ್ಮ ಲ ಕಾಟೋ.

ಇಷ್ಟೊಂದು ಟೈಲ್ಸ್ ಯಾರಿಗೆ? ಅರಮನೆಗಳಿಗಂತೂ ಅಲ್ಲ, ಅಷ್ಟು ಅರಮನೆಗಳೇ ಇಲ್ಲ. ಅದು ಪಾಸ್ಚರ್ ಕಾಲ. ರೋಗಾಣು ಅನ್ನುವ ಮಾತು ಮನೆಮನೆಗೆ ಬಂದಿತ್ತು. 1902ರಲ್ಲಿ ಫ್ರಾನ್ಸ್ ಸಾರ್ವಜನಿಕ ಆರೋಗ್ಯದ ಕಾನೂನನ್ನೇ ತಂದಿತು. ಆಸ್ಪತ್ರೆ, ಶಾಲೆ, ಮಾಂಸದಂಗಡಿ, ಹಾಲಿನಂಗಡಿ, ಅಡುಗೆಕೋಣೆ ಎಲ್ಲದಕ್ಕೂ ತೊಳೆಯಬಲ್ಲ ನೆಲ ಬೇಕಾಯಿತು. ಜೊತೆಗೆ ಒಂದು ಸಣ್ಣ ಆಸೆ. ಶ್ರೀಮಂತರ ಮನೆಯಲ್ಲಿ ರತ್ನಗಂಬಳಿ ಇರುತ್ತದಲ್ಲ, ಅದರ ಹಾಗೆಯೇ ಟೈಲ್ಸ್ ಜೋಡಿಸುತ್ತಿದ್ದರು: ನಡುವೆ ಹೂವಿನ ಹರವು, ಸುತ್ತ ಅಂಚು, ನಾಲ್ಕು ಮೂಲೆಗೆ ಬೇರೆಯೇ ನಾಲ್ಕು ಬಿಲ್ಲೆ. ಗಂಬಳಿ ಕೊಳ್ಳಲಾಗದವರ ಮನೆಗೆ ಫ್ಯಾಕ್ಟರಿ ಕೊಟ್ಟ ಗಂಬಳಿ ಅದು. ಧೂಳು ಹಿಡಿಯಲ್ಲ, ನುಸಿ ತಿನ್ನಲ್ಲ.

ಇದನ್ನು ಸ್ವಚ್ಛ ಇಟ್ಟವರ ಬಗ್ಗೆ ಯಾವ ಕ್ಯಾಟಲಾಗೂ ಬರೆಯುವುದಿಲ್ಲ. ಉತ್ತರ ಫ್ರಾನ್ಸಿನಲ್ಲಿ ನೆಲ ಒರೆಸುವ ಬಟ್ಟೆಗೆ 'ವಾಸ್ಸಾಂಗ್' ಅಂತ ಬೇರೆಯದೇ ಪದ ಇದೆ, ಫ್ಲೆಮಿಶ್ ಭಾಷೆಯಿಂದ ಬಂದದ್ದು. ಮಿಕ್ಕ ಫ್ರಾನ್ಸಿನವರಿಗೆ ಅದು ಅಷ್ಟು ಪರಿಚಿತವಲ್ಲ. ಒಂದು ಸೀಮೆಯ ಜನ ನೆಲ ಒರೆಸುವ ಬಟ್ಟೆಗೆ ಸ್ವಂತ ಪದ ಉಳಿಸಿಕೊಂಡಿದ್ದಾರೆ ಅಂದರೆ ಅಲ್ಲಿನ ಹೆಂಗಸರು ಎಷ್ಟು ಹೊತ್ತು ಮೊಣಕಾಲೂರಿ ಕೂತಿರಬಹುದು, ಲೆಕ್ಕ ಹಾಕಿ. ಹಳೇ ನೆಲದಲ್ಲಿ ಒಲೆಯ ಮುಂದೆ, ಸಿಂಕಿನ ಮುಂದೆ, ಹೊಸ್ತಿಲ ಹತ್ತಿರ ಟೈಲ್ಸ್ ಸ್ವಲ್ಪ ತಗ್ಗಾಗಿರುತ್ತದೆ. ಡೀಲರುಗಳು ಅದಕ್ಕೇ 'ಪಟೀನಾ' ಅಂತ ಹೆಸರಿಟ್ಟು ಜಾಸ್ತಿ ದುಡ್ಡು ಕೇಳುತ್ತಾರೆ.

ಆಮೇಲೆ ಬಂತು 1914. ಆಗಸ್ಟ್ 26ರಂದು ಬ್ರಿಟಿಷ್ ಸೇನೆ ಹಿಮ್ಮೆಟ್ಟುವಾಗ ಜರ್ಮನ್ನರನ್ನು ತಡೆದು ಕಾದಾಡಿದ್ದು ಲ ಕಾಟೋದಲ್ಲೇ. ಅವತ್ತು ಜರ್ಮನ್ನರ ಕೈಸೇರಿದ ಊರು ಮತ್ತೆ ಬಿಡುಗಡೆಯಾಗಿದ್ದು 1918ರ ಅಕ್ಟೋಬರಿನಲ್ಲಿ. ಮೋಬೋಜ್ ಕೋಟೆ ಸುಮಾರು ಎರಡು ವಾರದ ಮುತ್ತಿಗೆಯ ನಂತರ ಸೆಪ್ಟೆಂಬರಿನಲ್ಲಿ ಶರಣಾಯಿತು. ನಾಲ್ಕು ವರ್ಷದ ಆಕ್ರಮಣದಲ್ಲಿ ಉತ್ತರದ ಕಾರ್ಖಾನೆಗಳಿಂದ ಯಂತ್ರ, ತಾಮ್ರ, ಹಿತ್ತಾಳೆ ಎಲ್ಲ ಗಾಡಿ ಹತ್ತಿ ಜರ್ಮನಿಗೆ ಹೋಯಿತು. ಯುದ್ಧದ ಗೆರೆ ಹಾದುಹೋದ ಕಡೆ ಊರಿಗೆ ಊರೇ ಇಟ್ಟಿಗೆ ರಾಶಿ.

1919ರ ಏಪ್ರಿಲ್ 17ರ ಕಾನೂನು ಮನೆಮಠ ಕಳೆದುಕೊಂಡವರಿಗೆ ಸರ್ಕಾರವೇ ಪೂರ್ತಿ ಪರಿಹಾರ ಕೊಡಬೇಕು ಅಂದಿತು. 1920ರ ದಶಕವಿಡೀ ಉತ್ತರ ಫ್ರಾನ್ಸ್ ಮತ್ತೆ ಕಟ್ಟಿಕೊಂಡಿತು. ಇಟ್ಟಿಗೆ ಬೇಕು, ಹಂಚು ಬೇಕು, ನೆಲಕ್ಕೆ ಟೈಲ್ಸ್ ಬೇಕು. ಎಲ್ಲ ಬೇಗ ಬೇಕು. ಬಳ್ಳಿ-ಹೂವಿನ ಜೊತೆಗೆ ಸಣ್ಣ ಸಣ್ಣ ಚೌಕ, ಎಂಟುಮೂಲೆ, ಅಂಚುಪಟ್ಟಿಗಳ ಸರಳ ವಿನ್ಯಾಸಗಳು ಮನೆಮನೆಗೆ ನುಗ್ಗಿದವು. ಇವತ್ತು '19ನೇ ಶತಮಾನದ ಫ್ರೆಂಚ್ ಟೈಲ್ಸ್' ಅಂತ ಮಾರುವ ಮಾಲಿನಲ್ಲಿ ಎಷ್ಟೋ ಭಾಗ ಈ ಪುನರ್ನಿರ್ಮಾಣದ ಕಾಲದ್ದೇ. ಬೆನ್ನ ಮೇಲಿನ ಮುದ್ರೆ ಊರು ಹೇಳುತ್ತದೆ, ಇಸವಿ ಹೇಳುವುದಿಲ್ಲ. ಗೆಳೆಯನ 'ಶಾಟೋ' ಟೈಲ್ಸ್ ಕೂಡ ಬಾಂಬಿಗೆ ಮನೆ ಕಳೆದುಕೊಂಡ ಯಾರೋ ಪರಿಹಾರದ ದುಡ್ಡಲ್ಲಿ ಹೊಸದಾಗಿ ಹಾಕಿಸಿದ ನೆಲ ಆಗಿದ್ದಿರಬಹುದು. ನನ್ನನ್ನು ಕೇಳಿದರೆ ಅದು ಅರಮನೆಗಿಂತ ದೊಡ್ಡ ಕತೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ನೆಲಗಳು ಜನರಿಗೆ ಹಳತಾದವು. ಲಿನೋಲಿಯಂ, ವಿನೈಲ್, ಕಾರ್ಪೆಟ್ ಬಂದವು. ಅಜ್ಜಿಯ ಕಾಲದ ಹೂವಿನ ಮೇಲೇ ಗೋಂದು ಬಳಿದು ಅವನ್ನು ಅಂಟಿಸಿದರು. ಹಾಗೆ ಮುಚ್ಚಿದ್ದರಿಂದಲೇ ಎಷ್ಟೋ ನೆಲ ಉಳಿದವು ಅನ್ನುವುದು ಒಂದು ತಮಾಷೆ. ಆದರೆ ಆ ಕಾಲದ ವಿನೈಲ್ ಟೈಲ್ಸಿನಲ್ಲಿ, ಕರಿ ಗೋಂದಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತಿತ್ತು. ಫ್ರಾನ್ಸ್ ಅದನ್ನು ಪೂರ್ತಿ ನಿಷೇಧಿಸಿದ್ದು 1997ರ ಜನವರಿ 1ರಿಂದ. ಪರೀಕ್ಷೆ ಮಾಡಿಸದೆ ಕೆರೆದು ತೆಗೆಯುವ ಕೂಲಿಯವನ ಪುಪ್ಪುಸಕ್ಕೆ ಏನಾಯಿತು ಅಂತ ಟೈಲ್ಸಿನ ಬೆಲೆಪಟ್ಟಿಯಲ್ಲಿ ಇರುವುದಿಲ್ಲ.

ಕಿತ್ತು ತೆಗೆಯುವುದೂ ಸುಲಭ ಅಲ್ಲ. ಸುಣ್ಣದ ಗಾರೆಯಲ್ಲಿ ಕೂರಿಸಿದ್ದರೆ ಉಳಿ ಹಾಕಿ ಮೀಟಿದರೆ ಇಡಿಯಾಗಿ ಬರುತ್ತದೆ. ಪೋರ್ಟ್‌ಲ್ಯಾಂಡ್ ಸಿಮೆಂಟಿನಲ್ಲಿ ಕೂರಿಸಿದ್ದರೆ ಸಿಮೆಂಟಿಗಿಂತ ಮೊದಲು ಟೈಲ್ಸೇ ಒಡೆಯುತ್ತದೆ. ಒಂದು ಲೆಕ್ಕ ನೋಡಿ. 14 ಸೆಂಟಿಮೀಟರ್ ಚೌಕದ ಟೈಲ್ಸ್, ಒಂದು ಕಡೆ 22, ಇನ್ನೊಂದು ಕಡೆ 29 ಕೂರುವ ಕೋಣೆ. ಒಟ್ಟು 638. ಅದರಲ್ಲಿ ಹೂವಿನ ಹರವಿಗೆ 540, ಅಂಚಿಗೆ 94, ಮೂಲೆಗೆ 4. ಆ ನಾಲ್ಕರಲ್ಲಿ ಒಂದು ಒಡೆದರೂ ಗಂಬಳಿ ಮುಗಿಯಿತು, ಯಾಕೆಂದರೆ ಆ ಅಚ್ಚು ಈಗ ಇಲ್ಲ. ಎಷ್ಟೋ ವಿನ್ಯಾಸಗಳಲ್ಲಿ ನಾಲ್ಕು ಟೈಲ್ಸ್ ಸೇರಿದರೇನೇ ಒಂದು ಹೂವು. ಆದ್ದರಿಂದ ನೆಲವಾಗಿ ಮಾರಾಟವಾಗದ್ದು ಬಿಡಿಬಿಡಿಯಾಗಿ ಹೋಗುತ್ತದೆ. ಒಂದು ಮನೆಯ ಅಡುಗೆಕೋಣೆ ನಾಲ್ಕು ದೇಶದ ಕಾಫಿ ಟೇಬಲ್ಲುಗಳಿಗೆ ಹಂಚಿಹೋಗುತ್ತದೆ.

ಈ ಕೀಳುವ ಗಳಿಗೆಯ ಬಗ್ಗೆ ಫ್ರಾನ್ಸಿನಲ್ಲಿ ಒಂದು ಪ್ರಸಿದ್ಧ ಕೇಸಿದೆ. ಟೈಲ್ಸಿನದ್ದಲ್ಲ, ಗೋಡೆಯದ್ದು. ಸ್ಪೇನ್ ಗಡಿಯ ಹತ್ತಿರ ಕಾಸನೋವ್ ಎಂಬಲ್ಲಿ ಹಳೆಯದೊಂದು ಪ್ರಾರ್ಥನಾಮಂದಿರ, ಒಳಗೆ ಮಧ್ಯಯುಗದ ಭಿತ್ತಿಚಿತ್ರಗಳು. 1950ರ ದಶಕದಲ್ಲಿ ಮಾಲೀಕರಲ್ಲಿ ಕೆಲವರು ಉಳಿದವರನ್ನು ಕೇಳದೆ ಚಿತ್ರಗಳನ್ನು ವ್ಯಾಪಾರಿಗೆ ಮಾರಿದರು. ಅವನು ಗೋಡೆಯಿಂದ ಬಿಡಿಸಿ ಒಯ್ದ. ಚಿತ್ರಗಳು ಸ್ವಿಟ್ಜರ್‌ಲ್ಯಾಂಡ್ ಸೇರಿದವು. ಉಳಿದ ಮಾಲೀಕರು ಕೋರ್ಟಿಗೆ ಹೋದರು. 1988ರ ಏಪ್ರಿಲ್ 15ರಂದು ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯ ಹೇಳಿದ್ದು ಇಷ್ಟು: ಗೋಡೆಯಲ್ಲಿದ್ದಾಗ ಅವು ಸ್ಥಿರಾಸ್ತಿ, ಬಿಡಿಸಿದ ಮೇಲೆ ಚರಾಸ್ತಿ, ಹಾಗಾಗಿ ಈ ವ್ಯಾಜ್ಯ ನಮ್ಮ ಕೋರ್ಟಿನಲ್ಲಿ ನಡೆಯುವಂಥದ್ದಲ್ಲ.

ಕಾನೂನಿನ ಭಾಷೆಯಲ್ಲಿ ಅದು ಸರಿಯೇ ಇರಬಹುದು. ಆದರೆ ನನಗೆ ಆ ತೀರ್ಪು ಓದಿದಾಗ ಬೆರಗಾಯಿತು. ಶತಮಾನಗಳ ಕಾಲ ಸ್ಥಾವರವಾಗಿದ್ದದ್ದು ಒಬ್ಬನ ಉಳಿಯ ಏಟಿಗೆ ಜಂಗಮವಾಗಿಬಿಡುತ್ತದೆ, ಅಷ್ಟೇ ಬೇಗ ಅದರ ಊರು, ವಿಳಾಸ ಎಲ್ಲ ಕಳಚಿಕೊಳ್ಳುತ್ತದೆ. ನೆಲದ ಕತೆಯೂ ಅದೇ. ಹಾಸಿದ್ದಾಗ ಅದು ಮನೆ. ಕಿತ್ತಾಗ ಅದು ಮಾಲು.

ಹಾಗಂತ ಹಳೇ ಟೈಲ್ಸ್ ಕೊಳ್ಳುವುದೇ ಪಾಪ ಅಂತ ಹೇಳುತ್ತಿಲ್ಲ. ಹೇಗೂ ಬೀಳುವ ಮನೆಯಿಂದ ನೆಲ ಉಳಿಸಿದರೆ ಅದು ಪುಣ್ಯದ ಕೆಲಸವೇ. ಫ್ರಾನ್ಸಿನ 2020ರ ತ್ಯಾಜ್ಯ-ವಿರೋಧಿ ಕಾನೂನು ಕೂಡ ದೊಡ್ಡ ಕಟ್ಟಡ ಕೆಡವುವ ಮೊದಲು ಏನೇನು ಮರುಬಳಕೆಗೆ ಬರುತ್ತದೆ ಅಂತ ಪಟ್ಟಿ ಮಾಡಬೇಕು ಅನ್ನುತ್ತದೆ. ತೊಂದರೆ ಇರುವುದು ಬೇರೆ ಕಡೆ. ಬೆಲೆ ಏರಿದಾಗ ಬೀಳದ ಮನೆಯ ನೆಲವೂ ಏಳುತ್ತದೆ. ಡೀಲರಿನ 'ರಿಕ್ಲೇಮ್ಡ್' ಅನ್ನುವ ಪದ ಈ ಎರಡರ ನಡುವಿನ ವ್ಯತ್ಯಾಸವನ್ನು ಹೇಳುವುದಿಲ್ಲ. ಬರೀ ಚೆಂದವೇ ಬೇಕಿದ್ದರೆ ಅದೇ ಥರದ ಟೈಲ್ಸ್ ಹೊಸದಾಗಿಯೇ ಸಿಗುತ್ತದೆ. ಲೀಲ್ ಪಕ್ಕದ ಲೊಮ್‌ನಲ್ಲಿ 1894ರಲ್ಲಿ ಶುರುವಾದ ವಿಂಕಲ್‌ಮಾನ್ಸ್ ಕಂಪನಿ ಇವತ್ತಿಗೂ ಮಾಡುತ್ತದೆ. ಹಳತಕ್ಕೇ ದುಡ್ಡು ಕೊಡುತ್ತೀರಾದರೆ ಕೊಡುತ್ತಿರುವುದು ಅದರ ಸವೆತಕ್ಕೆ, ಅಂದರೆ ಬೇರೆಯವರ ಕಾಲು-ಮೊಣಕಾಲಿಗೆ. ಯಾರ ಕಾಲು, ಯಾವ ಊರು ಅಂತ ಕೇಳುವ ಹಕ್ಕೂ ಹೊಣೆಯೂ ಕೊಳ್ಳುವವರಿಗಿದೆ.

ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. ಅವನು ಅಂಗಡಿಗೆ ಹೋಗಿ ಯಾವ ಮನೆಯದ್ದು ಅಂತ ಕೇಳಿದನಂತೆ. "ಕಂಟೇನರಲ್ಲಿ ಬರುತ್ತೆ ಸಾರ್, ಮನೆ ಗಿನೆ ಯಾರಿಗ್ಗೊತ್ತು" ಅಂತ ಉತ್ತರ.

ಅವತ್ತು ರಾತ್ರಿ ಫೋನ್ ಮಾಡಿದ. ಟೈಲ್ಸ್ ವಿಷಯ ಅಂದುಕೊಂಡೆ, ಅಲ್ಲ. ಎರಡು ವರ್ಷದ ಹಿಂದೆ ಪುತ್ತೂರಿನ ಕಡೆ ಅವರ ಅಜ್ಜಿಮನೆ ಕೆಡವಿಸಿದ್ದರು. ಬಾಗಿಲು, ಕಂಬ, ಹಂಚು ಎಲ್ಲ ಒಟ್ಟಿಗೆ ಒಬ್ಬನಿಗೆ ಮಾರಿದ್ದರು. ಹಂಚಿನ ಮೇಲೆ ಬಾಸೆಲ್ ಮಿಷನ್ ಹೆಸರು, 1865 ಅಂತ ಇತ್ತಂತೆ. ಆ 1865 ಹಂಚಿನ ವಯಸ್ಸಲ್ಲ, ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅಂತ ಹೇಳಿದೆ. ಒಂದಕ್ಕೊಂದು ಕೊಂಡಿಯಾಗುವ ಆ ಥರದ ಹಂಚಿಗೆ 1841ರಲ್ಲಿ ಪೇಟೆಂಟ್ ಪಡೆದವರು ಫ್ರಾನ್ಸಿನ ಅಲ್ಸೇಸಿನ ಜಿಲಾರ್ದೋನಿ ಸಹೋದರರು. ಅವರ ಆಲ್ಟ್‌ಕಿರ್ಶ್ ಊರು ಬಾಸೆಲ್ ನಗರಕ್ಕೆ ಸುಮಾರು 30 ಕಿಲೋಮೀಟರ್. ಲ ಕಾಟೋವನ್ನು ನುಂಗಿದ ಅದೇ ಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಷನ್ನಿನ ಕಾರ್ಖಾನೆಗಳನ್ನು ಶತ್ರು ಆಸ್ತಿ ಅಂತ ವಶಪಡಿಸಿಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು.

"ಹಂಗಾದ್ರೆ ನಮ್ಮ ಅಜ್ಜಿಮನೆ ಹಂಚೂ ಈಗ ಯಾವುದೋ ಕೆಫೆ ಗೋಡೆ ಮೇಲಿರತ್ತೆ. ಆಂಟಿಕ್ ಅಂತ" ಅಂದ.

"ಇರಬಹುದು" ಅಂದೆ.

"ಯಾರ ಮನೇದು ಅಂತ ಅವರಿಗೂ ಗೊತ್ತಿರಲ್ಲ."

ಹಾಲ್‌ಗೆ ಕೊನೆಗೆ ರೆಡ್ ಆಕ್ಸೈಡ್ ಹಾಕಿಸಿದ. ಸ್ಯಾಂಪಲ್ಲಿಗೆ ಅಂತ ತಂದಿದ್ದ ಒಂದೇ ಒಂದು ಫ್ರೆಂಚ್ ಟೈಲ್ಸು ಪುಸ್ತಕದ ಕಪಾಟಿನಲ್ಲಿದೆ, ಹೂವು ಗೋಡೆ ಕಡೆಗೆ, ಬೆನ್ನು ಈಚೆಗೆ. ಬಂದವರಿಗೆ ಊರಿನ ಹೆಸರು ಓದಲು ಸಿಗಲಿ ಅಂತ.